ಬಣ್ಣದ ಕೆಳಗಿನ ಎರಡು ಮಿಲಿಮೀಟರ್

ವಾಹನ ವಿಮೆಯ ನಿಯಮಗಳಲ್ಲಿ ಬಣ್ಣದ ಬಗ್ಗೆ ಒಂದು ಸಣ್ಣ ಅಂಶವಿದೆ. ಅಪಘಾತವಾದ ಕಾರಿಗೆ ಬಣ್ಣ ಹೊಡೆಸಿದ ಬಿಲ್ಲು ಸಾಮಾನು, ಕೂಲಿ ಬೇರ್ಪಡಿಸದೆ ಒಟ್ಟಾಗಿ ಬಂದರೆ, ಅದರಲ್ಲಿ ಶೇಕಡಾ 25ನ್ನು ಮಾತ್ರ ಸಾಮಾನಿನ ಖರ್ಚು ಎಂದು ಹಿಡಿಯಬೇಕು. ಆ ಭಾಗಕ್ಕಷ್ಟೇ ಅರ್ಧ ಸವಕಳಿ ಕಳೆಯಬೇಕು. ಉಳಿದ 75 ಕೂಲಿ. ಅದನ್ನು ಸವಕಳಿ ಮುಟ್ಟುವಂತಿಲ್ಲ. ವಿಮಾ ಸರ್ವೇಯರ್ ಆದ ನಾನು ಈ ಲೆಕ್ಕವನ್ನು ಹೆಚ್ಚುಕಡಿಮೆ ದಿನವೂ ಹಾಕುತ್ತೇನೆ. ಡಬ್ಬಿಗಳಲ್ಲಿ ಬರುವ ಬಣ್ಣ, ಥಿನ್ನರ್, ಪ್ರೈಮರ್, ಪುಟ್ಟಿ ಎಲ್ಲ ಸೇರಿ ಕಾಲು ಭಾಗ, ಮನುಷ್ಯನ ಕೈ ಮುಕ್ಕಾಲು ಭಾಗ ಎಂದು ತೀರ್ಮಾನಿಸಿದವರು ಯಾರೋ, ಅವರು ಒಮ್ಮೆಯಾದರೂ ಟಿಂಕರಿಂಗ್ ಶೆಡ್ಡಿನಲ್ಲಿ ನಿಂತು ನೋಡಿರಬೇಕು ಎಂದು ನನ್ನ ಗುಮಾನಿ. ಗನ್ ಹಿಡಿದು ಬಣ್ಣ ಹೊಡೆಯುವುದು ಎಷ್ಟು ಹೊತ್ತಿನ ಕೆಲಸ? ಒಂದು ಬಾಗಿಲಿಗೆ ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಆ ಬಾಗಿಲು ಬಣ್ಣಕ್ಕೆ ತಯಾರಾಗುವುದಕ್ಕೇ ದಿನಗಳು ಹಿಡಿಯುತ್ತವೆ.

ನಾನು ಆ ತಯಾರಿಯನ್ನು ಕಲಿತದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, 1990ರ ದಶಕದ ಕೊನೆಯಲ್ಲಿ. ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದೆ. ಊರು ಕುಣಿಗಲ್ ಕಡೆಯದು. ಪೀಣ್ಯ ಎರಡನೇ ಹಂತದಲ್ಲಿ ಟರ್ನರ್ ಆಗಿದ್ದ ಸೋದರಮಾವನ ಮನೆ ಹೆಗ್ಗನಹಳ್ಳಿಯಲ್ಲಿತ್ತು. ರಜೆಯಲ್ಲಿ ಮನೆಯಲ್ಲಿ ಬಿದ್ದುಕೊಂಡಿದ್ದವನನ್ನು ಮಾವ ಒಂದು ಬೆಳಿಗ್ಗೆ ಎಬ್ಬಿಸಿಕೊಂಡು ಹೋಗಿ ಪರಿಚಯದ ಟಿಂಕರಿಂಗ್ ಶೆಡ್ಡಿನಲ್ಲಿ ಬಿಟ್ಟರು. ರಜೆ ಮುಗಿದ ಮೇಲೂ ನಾನು ಹೋಗುವುದನ್ನು ಬಿಡಲಿಲ್ಲ. ಸಂಜೆ, ಶನಿವಾರ, ಭಾನುವಾರ ಅಲ್ಲೇ. ಕೈಖರ್ಚಿಗೆ ಸಿಗುತ್ತಿದ್ದ ದುಡ್ಡು ಒಂದು ಕಾರಣ. ಇನ್ನೊಂದು ಕಾರಣ, ಕಾಲೇಜಿನಲ್ಲಿ ಬಾಡಿ ಎಂಬುದು ಪಠ್ಯದ ಒಂದು ಅಧ್ಯಾಯದ ಚಿತ್ರವಾಗಿತ್ತು. ಇಲ್ಲಿ ಅದು ನಜ್ಜುಗುಜ್ಜಾಗಿ ಬಂದು ನಿಲ್ಲುತ್ತಿತ್ತು.

ಶೆಡ್ಡಿನ ಒಂದು ಪಕ್ಕಕ್ಕೆ ಪೌಡರ್ ಕೋಟಿಂಗ್ ಘಟಕ, ಇನ್ನೊಂದು ಪಕ್ಕಕ್ಕೆ ಎರಕದ ಬಿಡಿಭಾಗಗಳನ್ನು ಗ್ರೈಂಡ್ ಮಾಡುವ ಕಾರ್ಖಾನೆ. ಆ ಗ್ರೈಂಡಿಂಗ್ ನಡೆಯುತ್ತಿರುವಾಗ ಬಣ್ಣ ಹೊಡೆದರೆ ಮುಗಿಯಿತು. ಹಸಿ ಬಣ್ಣದ ಮೇಲೆ ಕಬ್ಬಿಣದ ಪುಡಿ ಬಂದು ಕೂತು, ವಾರದೊಳಗೆ ಬಿಳಿ ಕಾರಿನ ಮೇಲೆಲ್ಲ ತುಕ್ಕಿನ ಚುಕ್ಕೆ. ಹಾಗಾಗಿ ನಮ್ಮ ಬಣ್ಣ ಏನಿದ್ದರೂ ಭಾನುವಾರ, ಇಲ್ಲವೇ ಪಕ್ಕದ ಶಿಫ್ಟ್ ಶುರುವಾಗುವ ಮುಂಚೆ ನಸುಕಿನಲ್ಲಿ. ಅಷ್ಟರಲ್ಲಿ ಕರೆಂಟು ಹೋಗಬಾರದು. ಪೀಣ್ಯದಲ್ಲಿ ಇಂಥ ಲೆಕ್ಕಾಚಾರ ಹಾಕದ ಸಣ್ಣ ಕಸುಬುದಾರ ಆಗ ಒಬ್ಬನೂ ಇರಲಿಲ್ಲ.

ನಮ್ಮ ಮೇಸ್ತ್ರಿ ಕೆಜಿಎಫ್‌ನವರು. ಅಪ್ಪ ಚಿನ್ನದ ಗಣಿಯಲ್ಲಿದ್ದರಂತೆ. ಇವರು ಗಣಿಗೆ ಇಳಿಯಲಾರೆ ಎಂದು ಹುಡುಗನಾಗಿದ್ದಾಗಲೇ ಬೆಂಗಳೂರಿನ ರೈಲು ಹತ್ತಿ, ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ ಅಂಬಾಸಡರ್ ಮತ್ತು ಫಿಯೆಟ್‌ಗಳ ಮೇಲೆ ಕೈ ಪಳಗಿಸಿಕೊಂಡವರು. ತಮಿಳು ಬೆರೆಸಿದ ಕನ್ನಡ. ಸಿಟ್ಟು ಬಂದರೆ ಬರೀ ತಮಿಳು. ಹುಡುಗರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದವರು ನನ್ನನ್ನು ಮಾತ್ರ "ಏಯ್ ಡಿಪ್ಲೊಮಾ" ಅನ್ನುತ್ತಿದ್ದರು. ನಾನು ಪಾಸಾಗುವ ಮುಂಚಿನಿಂದಲೂ.

ಅವರು ಕಲಿಯುವ ಕಾಲಕ್ಕೆ ಪುಟ್ಟಿಗಿಂತ ಸೀಸಕ್ಕೆ ಮರ್ಯಾದೆ ಹೆಚ್ಚಿತ್ತು. ಸೀಸ, ತವರ ಬೆರೆಸಿದ ಕಡ್ಡಿಯನ್ನು ಗ್ಯಾಸ್ ಜ್ವಾಲೆಯಲ್ಲಿ ಮೆತ್ತಗೆ ಮಾಡಿ, ತಗ್ಗಿಗೆ ತುಂಬಿ, ಕೊಬ್ಬು ಸವರಿದ ಮರದ ಪಟ್ಟಿಯಿಂದ ತಳ್ಳುತ್ತ ಆಕಾರ ಕೊಡುವುದು. ಅದು ಪೂರ್ತಿ ಕರಗಿದರೆ ಸುರಿದುಹೋಗುತ್ತದೆ, ಆರಿದರೆ ಕಲ್ಲಾಗುತ್ತದೆ. ನಡುವಿನ ಆ ಮೆದು ಸ್ಥಿತಿಯನ್ನು ಜ್ವಾಲೆಯನ್ನು ಹತ್ತಿರ ದೂರ ಮಾಡುತ್ತ ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ಅದನ್ನು ಎಮರಿ ಪೇಪರಿನಿಂದ ಉಜ್ಜುವಂತಿಲ್ಲ, ಸೀಸದ ಪುಡಿ ವಿಷ, ಅರದಿಂದ ತೆಗೆಯಬೇಕು. ಅಮೆರಿಕದಲ್ಲಿ 1950ರ ದಶಕದಿಂದಲೇ ಪಾಲಿಯೆಸ್ಟರ್ ಪುಟ್ಟಿ ಈ ಕೆಲಸವನ್ನು ಬದಿಗೆ ಸರಿಸಿತ್ತು. ನಮ್ಮಲ್ಲಿಗೆ ನಿಧಾನವಾಗಿ ಬಂತು. ನಾನು ಸೇರುವ ಹೊತ್ತಿಗೆ ಮೇಸ್ತ್ರಿಯ ಮರದ ಪಟ್ಟಿಗಳು ಶೆಡ್ಡಿನ ಮೂಲೆಯಲ್ಲಿ ಧೂಳು ಹಿಡಿದಿದ್ದವು. ಎಸೆಯಲು ಮಾತ್ರ ಬಿಡುತ್ತಿರಲಿಲ್ಲ.

ಪುಟ್ಟಿಗೆ ಕೈ ಹಾಕುವ ಮುಂಚೆ ಸುತ್ತಿಗೆ. ಇದು ಅವರ ಮೊದಲ ಪಾಠ, ಮತ್ತು ನನಗನಿಸುವಂತೆ ಇಡೀ ಕಸುಬಿನ ತಿರುಳು. ತಗಡಿಗೆ ಏಟು ಬಿದ್ದರೆ ಅದು ತಗ್ಗಾಗುವುದಷ್ಟೇ ಅಲ್ಲ, ಹಿಗ್ಗುತ್ತದೆ. ಹಿಗ್ಗಿದ ತಗಡು ಬೆರಳಿಟ್ಟರೆ ಟಕ್ಕೆಂದು ಒಳಕ್ಕೆ, ಬಿಟ್ಟರೆ ಟಕ್ಕೆಂದು ಹೊರಕ್ಕೆ ಆಡುತ್ತಿರುತ್ತದೆ. ಹಿಂದಿನಿಂದ ಡಾಲಿ ಎಂಬ ಉಕ್ಕಿನ ತುಂಡು ಕೊಟ್ಟು, ಮುಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತ, ಏಟು ಬಿದ್ದ ಕ್ರಮವನ್ನು ಹಿಂದುಮುಂದಾಗಿ ಬಿಚ್ಚುತ್ತ ಹೋಗಬೇಕು: ಕೊನೆಗೆ ಮಡಚಿಕೊಂಡ ಜಾಗವನ್ನು ಮೊದಲು, ಮೊದಲು ಏಟು ತಿಂದ ಜಾಗವನ್ನು ಕೊನೆಗೆ. ಜೋರಾಗಿ ಬಡಿದರೆ ತಗಡು ಇನ್ನಷ್ಟು ಹಿಗ್ಗುತ್ತದೆ. ಆಗ ಗ್ಯಾಸ್ ಜ್ವಾಲೆಯಲ್ಲಿ ಕಾಸಿನಗಲ ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತ ತಟ್ಟಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುವುದು. ಅಂಬಾಸಡರ್ ಇದನ್ನೆಲ್ಲ ತಾಳಿಕೊಳ್ಳುತ್ತಿತ್ತು, ದಪ್ಪ ತಗಡು. ಮಾರುತಿ 800ರ ಬಾಗಿಲಿಗೆ ಇಷ್ಟು ತಾಳ್ಮೆಯಿರಲಿಲ್ಲ. ಈಗಿನ ಕಾರುಗಳ ಹೊರತಗಡು ಮುಕ್ಕಾಲು ಮಿಲಿಮೀಟರಿನ ಆಸುಪಾಸು. ಅದಕ್ಕೆ ಸುತ್ತಿಗೆಯ ಬದಲು ತಗಡಿನ ಮೇಲೆ ಸಣ್ಣ ವಾಷರುಗಳನ್ನು ಬೆಸೆದು, ಕೊಕ್ಕೆ ಹಾಕಿ ಹೊರಕ್ಕೆ ಎಳೆಯುತ್ತಾರೆ.

"ಎರಡು ಎಂಎಂ ಒಳಗೆ ತಾ, ಆಮೇಲೆ ಪುಟ್ಟಿ ಡಬ್ಬಿ ಕೇಳು," ಎನ್ನುತ್ತಿದ್ದರು ಮೇಸ್ತ್ರಿ. "ಅದರ ಮೇಲೆ ಹೋದ್ರೆ ಅದು ಪುಟ್ಟಿ ಅಲ್ಲ ಡಿಪ್ಲೊಮಾ, ಗೋಡೆ. ಗಾರೆಯವನನ್ನ ಕರಿ."

ಎರಡು ಮಿಲಿಮೀಟರ್ ಒಳಗೆ ಬಂದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಗೀಚಿದ ತಗಡು ಹೊಳೆಯುವುದಿಲ್ಲವಾದ್ದರಿಂದ ಬೆಳಕೂ ಸುಳಿವು ಕೊಡುವುದಿಲ್ಲ. ಕೈಯೇ ಗತಿ. ಅದೂ ಎಡಗೈ. ಬಲಗೈ ಸುತ್ತಿಗೆ ಹಿಡಿದು ಜಡ್ಡುಗಟ್ಟಿರುತ್ತದೆ. ಹಳೇ ಬನಿಯನ್ ತುಂಡನ್ನು ತಗಡಿನ ಮೇಲೆ ಹಾಸಿ, ಅದರ ಮೇಲೆ ಅಂಗೈಯನ್ನು ಚಪ್ಪಟೆಯಾಗಿಟ್ಟು, ಬಾಗಿಲಿನ ಈ ತುದಿಯಿಂದ ಆ ತುದಿಯವರೆಗೆ ಉದ್ದಕ್ಕೆ ಎಳೆಯಬೇಕು. ಏಟು ಬಿದ್ದ ಜಾಗದಲ್ಲಷ್ಟೇ ಸವರಿದರೆ ಏನೂ ತಿಳಿಯುವುದಿಲ್ಲ. ಚೆನ್ನಾಗಿರುವ ತಗಡಿನಿಂದ ಹೊರಟು, ಕೆಟ್ಟದ್ದರ ಮೇಲೆ ಹಾದು, ಮತ್ತೆ ಚೆನ್ನಾಗಿರುವುದಕ್ಕೆ ಸೇರಬೇಕು. ಬಟ್ಟೆ ಘರ್ಷಣೆಯನ್ನು ನುಂಗಿಕೊಳ್ಳುವುದರಿಂದ ಬರೀ ಏರಿಳಿತ ಮಾತ್ರ ಅಂಗೈಗೆ ಸಿಗುತ್ತದೆ. ಮೊದಮೊದಲು ನನಗೆ ಎಲ್ಲವೂ ಸಮವಾಗಿಯೇ ಇರುತ್ತಿತ್ತು. ಮೇಸ್ತ್ರಿ ಅದೇ ಜಾಗದಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ "ಇಲ್ಲಿ ಎತ್ತರ, ಇಲ್ಲಿ ತಗ್ಗು" ಎಂದು ನಕ್ಷೆ ಬರೆಯುತ್ತಿದ್ದರು. ಯಾವಾಗ ತಿಳಿಯತೊಡಗಿತು ಎಂದು ನೆನಪಿಲ್ಲ. ಒಂದು ಸಲ ತಿಳಿದ ಮೇಲೆ ಮರೆಯುವುದಿಲ್ಲ. ಈಗಲೂ ಮದುವೆ ಮನೆಯ ಮುಂದೆ ನಿಂತ ಹೊಸ ಕಾರಿನ ಮೇಲೆ ನನ್ನ ಎಡಗೈ ತಾನಾಗಿ ಓಡಾಡುತ್ತದೆ, ಮಾಲೀಕರು ಒಂಥರಾ ನೋಡುತ್ತಾರೆ.

ಪುಟ್ಟಿ ಕಲಸುವುದು ನೋಡಲು ಸುಲಭ. ಬೂದು ಬಣ್ಣದ ಪೇಸ್ಟು. ಪಾಲಿಯೆಸ್ಟರ್ ರಾಳ, ಟಾಲ್ಕ್ ಪುಡಿ ಸೇರಿದ್ದು, ತೆರೆದರೆ ಸ್ಟೈರೀನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಜೊತೆಗೆ ಸಣ್ಣ ಟ್ಯೂಬಿನಲ್ಲಿ ಹಾರ್ಡನರ್, ಅಂದರೆ ಬೆಂಜಾಯಿಲ್ ಪೆರಾಕ್ಸೈಡ್. 100 ಗ್ರಾಂ ಪುಟ್ಟಿಗೆ ಎರಡರಿಂದ ಮೂರು ಗ್ರಾಂ. ತೂಗುವವರು ಯಾರು? ಬಣ್ಣ ನೋಡಿ ಅಂದಾಜು. ಕಲಸಿದ ಮೇಲೆ ನಾಲ್ಕೈದು ನಿಮಿಷ ಮಾತ್ರ ಕೈಯಲ್ಲಿರುತ್ತದೆ, ಅಷ್ಟರಲ್ಲಿ ಎಳೆದು ಮುಗಿಸಬೇಕು. ಏಪ್ರಿಲ್ ಮಧ್ಯಾಹ್ನ ಅಷ್ಟೂ ಇಲ್ಲ. ಡಿಸೆಂಬರ್ ಬೆಳಿಗ್ಗೆ ಅದೇ ಪುಟ್ಟಿ ಎಷ್ಟು ಹೊತ್ತಾದರೂ ಗಟ್ಟಿಯಾಗದೆ ಕೂತಿರುತ್ತದೆ, ಆಗ ಹಾರ್ಡನರ್ ಇನ್ನೊಂದಿಷ್ಟು ಹಿಂಡುವ ಆಸೆಯಾಗುತ್ತದೆ. ಹಿಂಡಿದರೆ ಆ ಹೆಚ್ಚಿನ ಪೆರಾಕ್ಸೈಡ್ ಬಣ್ಣದ ಪದರ ದಾಟಿ ಮೇಲೆ ಬಂದು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಕಾರು ಕೊಟ್ಟ ದಿನ ಅಲ್ಲ, ಆಮೇಲೆ.

"ಮುದ್ದೆ ತೊಳಸಿದ ಹಾಗೆ ತೊಳಸಬೇಡ" ಎಂಬುದು ನಾನು ಅತಿ ಹೆಚ್ಚು ಕೇಳಿದ ಬೈಗುಳ. ಸುತ್ತಿ ಸುತ್ತಿ ತಿರುಗಿಸಿದರೆ ಪುಟ್ಟಿಯೊಳಗೆ ಗಾಳಿ ಸೇರಿಕೊಂಡು, ಉಜ್ಜುವಾಗ ಸೂಜಿಮೊನೆಯ ತೂತುಗಳಾಗಿ ತೆರೆದುಕೊಳ್ಳುತ್ತದೆ. ಹಲಗೆಯ ಮೇಲೆ ಒತ್ತಿ, ಮಡಚಿ, ಮತ್ತೆ ಒತ್ತಬೇಕು. ಎಳೆಯುವಾಗ ಮೊದಲ ಪದರವನ್ನು ತಗಡಿಗೆ ಕಚ್ಚಿಕೊಳ್ಳುವಂತೆ ಬಲವಾಗಿ ಒತ್ತಿ ತೆಳ್ಳಗೆ, ಎರಡನೆಯದನ್ನು ತುಂಬಿ. ಅಂಚುಗಳು ಹಳೇ ಬಣ್ಣದೊಳಗೆ ಕರಗಿಹೋಗುವಂತೆ.

ಆಮೇಲೆ ಉಜ್ಜುವುದು. ಇಲ್ಲೇ ಹುಡುಗರು ಓಡಿಹೋಗುತ್ತಿದ್ದರು. 80ನೇ ನಂಬರ್ ಪೇಪರ್, 180, 320, ಪ್ರತಿಯೊಂದೂ ಹಿಂದಿನದರ ಗೀರನ್ನು ಅಳಿಸಬೇಕು. ಪೇಪರನ್ನು ಬೆರಳಿನಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಸಾಲುಗಳೇ ತಗ್ಗಾಗಿ ಮೂಡುತ್ತವೆ, ಅದಕ್ಕೆ ಮರದ ತುಂಡಿಗೋ ರಬ್ಬರ್ ಬ್ಲಾಕಿಗೋ ಸುತ್ತಿಕೊಂಡು ಓರೆಯಾಗಿ, ಈ ಕಡೆಯಿಂದೊಮ್ಮೆ ಆ ಕಡೆಯಿಂದೊಮ್ಮೆ. ನೀರು ಹಾಕಿ ಉಜ್ಜಿದರೆ ಧೂಳಿಲ್ಲ, ಸಲೀಸು. ಆದರೆ ಪುಟ್ಟಿ ನೀರು ಹೀರುತ್ತದೆ. ಹೀರಿದ ನೀರು ಕೆಳಗಿನ ತಗಡಿಗೆ ತಲುಪಿ ತುಕ್ಕು ಹಿಡಿಸಿ, ಮುಂದಿನ ಬೇಸಿಗೆಯಲ್ಲಿ ಬಣ್ಣದ ಮೇಲೆ ಗುಳ್ಳೆಗಳು. ಆದ್ದರಿಂದ ಪುಟ್ಟಿಯನ್ನು ಒಣಗಿದ ಹಾಗೆಯೇ ಉಜ್ಜಬೇಕು, ನೀರಿನ ಕೆಲಸ ಏನಿದ್ದರೂ ಪ್ರೈಮರ್ ಬಂದ ಮೇಲೆ. ಕಾರು ಉಳಿಯುತ್ತಿತ್ತು, ಧೂಳು ನಮ್ಮ ಎದೆಗೆ ಹೋಗುತ್ತಿತ್ತು. ಮೂಗಿಗೆ ಕರ್ಚೀಫು ಕಟ್ಟಿಕೊಳ್ಳುತ್ತಿದ್ದೆವು, ಅಷ್ಟೇ ರಕ್ಷಣೆ. ಮೇಸ್ತ್ರಿಯ ಕೆಮ್ಮು ಶೆಡ್ಡಿನ ಸದ್ದುಗಳಲ್ಲಿ ಒಂದಾಗಿತ್ತು. ಹೊಸ ಬಗೆಯ ಬಣ್ಣಗಳ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿಗೆ ಹೋದರೆ ಆಸ್ತಮಾ ಬರಬಹುದು ಎಂದು ನಾನು ಪುಸ್ತಕದಲ್ಲಿ ಓದಿ ಹೇಳಿದಾಗ ಅವರು, "ನಮ್ಮಪ್ಪನಿಗೆ ಗಣಿ ಧೂಳು, ನನಗೆ ಇದು," ಎಂದು ಬೀಡಿ ಹಚ್ಚಿದರು. ಥಿನ್ನರ್ ಡಬ್ಬಿಯ ಪಕ್ಕದಲ್ಲೇ.

ಪ್ರೈಮರ್ ವಿಷಯದಲ್ಲಿ ಮೇಸ್ತ್ರಿಗಳಲ್ಲೇ ಜಗಳವಿತ್ತು. ಬರೀ ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್ ಹೊಡೆದು ಅದರ ಮೇಲೆ ಪುಟ್ಟಿ ಎಳೆಯಬೇಕೋ, ಅಥವಾ 80ರ ಪೇಪರಿನಲ್ಲಿ ಗೀಚಿದ ತಗಡಿಗೆ ನೇರವಾಗಿ ಪುಟ್ಟಿ ಕಚ್ಚಿಸಿ ಪ್ರೈಮರನ್ನು ಆಮೇಲೆ ಹೊಡೆಯಬೇಕೋ? ನಮ್ಮವರು ಎರಡನೇ ಪಂಗಡ. ಪಕ್ಕದ ಬೀದಿಯ ಶೆಡ್ಡಿನವರು ಮೊದಲನೆಯವರು. ಎರಡರಿಂದಲೂ ಒಳ್ಳೆಯ ಕೆಲಸ ಬರುವುದನ್ನು ನೋಡಿದ್ದೇನೆ, ಎರಡರಿಂದಲೂ ಬಣ್ಣ ಏಳುವುದನ್ನೂ ನೋಡಿದ್ದೇನೆ. ಆಮ್ಲದ ಎಚ್ ಪ್ರೈಮರ್ ಮೇಲೆ ಮಾತ್ರ ಪುಟ್ಟಿ ಎಳೆಯಬಾರದು, ಅಂಟು ಕೆಡುತ್ತದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತ.

ಮೇಸ್ತ್ರಿಗೆ ನಿಜವಾದ ಅಸೂಯೆಯಿದ್ದದ್ದು ಪಕ್ಕದ ಪೌಡರ್ ಕೋಟಿಂಗಿನವರ ಮೇಲೆ. ಅವರಲ್ಲಿ ಸಾಲಾಗಿ ಏಳು ತೊಟ್ಟಿಗಳು: ಜಿಡ್ಡು ತೆಗೆಯಲು ಒಂದು, ತುಕ್ಕು ತೆಗೆಯಲು ಒಂದು, ಫಾಸ್ಫೇಟ್ ಪದರ ಕೂರಿಸಲು ಒಂದು, ನಡುನಡುವೆ ತೊಳೆಯುವ ನೀರು. ಪೀಣ್ಯದಲ್ಲಿ ಸೆವೆನ್ ಟ್ಯಾಂಕ್ ಎಂದರೆ ಎಲ್ಲರಿಗೂ ಗೊತ್ತು. ಹಾಗೆ ಅದ್ದಿ ತೆಗೆದ ತಗಡಿನ ಮೇಲೆ ಪುಡಿ ಕೂರಿಸಿ ಸುಮಾರು 180-200 ಡಿಗ್ರಿ ಒಲೆಯಲ್ಲಿ ಬೇಯಿಸಿದರೆ ಬಣ್ಣ ಉಗುರಿಗೆ ಬಗ್ಗುವುದಿಲ್ಲ. ಕಾರಿನ ಕಾರ್ಖಾನೆಯಲ್ಲೂ ಹೆಚ್ಚುಕಡಿಮೆ ಅದೇ ಕ್ರಮ. ಇಡೀ ಬಾಡಿಯನ್ನೇ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆಮೂಲೆಗೂ ಪ್ರೈಮರ್ ಹತ್ತಿಸುತ್ತಾರೆ. "ನಮಗೆ ಏಳು ತೊಟ್ಟಿ ಕೆಲಸಕ್ಕೆ ಒಂದು ಬಕೆಟ್ಟು," ಎನ್ನುತ್ತಿದ್ದರು. ಆದರೆ ಅವರ ಕಡೆ ಬಗ್ಗಿದ ತಗಡು ಬಂದರೆ ಸೀದಾ ಗುಜರಿಗೆ. ಬಗ್ಗಿದ್ದನ್ನು ನೆಟ್ಟಗೆ ಮಾಡುವ ತಂಟೆ ಏಳು ತೊಟ್ಟಿಯವರಿಗಿಲ್ಲ.

ಪುಟ್ಟಿ ಮುಗಿದ ಮೇಲೆ ಸರ್ಫೇಸರ್ ಎಂಬ ಬೂದುಬಣ್ಣದ ದಪ್ಪ ಪ್ರೈಮರ್. ಅದು ಆರಿದ ಮೇಲೆ ಮೇಸ್ತ್ರಿ ಮಾಡುತ್ತಿದ್ದ ಒಂದು ಕೆಲಸ ನನಗೆ ಕೊನೆಯವರೆಗೂ ಇಷ್ಟ. ಚಮಚದಷ್ಟು ಕಪ್ಪು ಬಣ್ಣವನ್ನು ತುಂಬಾ ಥಿನ್ನರಿನಲ್ಲಿ ಕದಡಿ, ದೂರದಿಂದ ಪಟಪಟನೆ ಸಿಂಪಡಿಸಿ, ಅಷ್ಟು ಕಷ್ಟಪಟ್ಟು ನಯಮಾಡಿದ ಬಾಗಿಲನ್ನೆಲ್ಲ ಚುಕ್ಕೆ ಚುಕ್ಕೆ ಮಾಡಿಬಿಡುತ್ತಿದ್ದರು. ಗೈಡ್ ಕೋಟ್. ಆಮೇಲೆ ನೀರು ಹಾಕಿ 400, 600ರ ಪೇಪರಿನಲ್ಲಿ ಬ್ಲಾಕ್ ಓಡಿಸಿದರೆ ಎತ್ತರದ ಜಾಗಗಳ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿರುವುದು ಉಳಿಯುತ್ತದೆ. ಅಂಗೈಗೂ ಸಿಗದ ತಗ್ಗು, ಸೂಜಿ ತೂತು, ಹಿಂದಿನ 80ರ ಗೀರು, ಎಲ್ಲ ಕಪ್ಪಗೆ ಕಾಣಿಸಿಕೊಂಡು ಬಿಡುತ್ತವೆ. ತಗ್ಗಿನ ಕಪ್ಪನ್ನು ತೆಗೆಯಲೆಂದು ಅಲ್ಲೇ ಉಜ್ಜಿದರೆ ಮೋಸ. ಸುತ್ತಲಿನದು ಇಳಿಯಬೇಕು, ಇಲ್ಲವೇ ಮತ್ತೆ ತುಂಬಬೇಕು. ಸಣ್ಣ ತೂತುಗಳಿಗೆ ಎನ್‌ಸಿ, ಅಂದರೆ ನೈಟ್ರೊಸೆಲ್ಯುಲೋಸ್ ಪುಟ್ಟಿ. ಅದು ಥಿನ್ನರ್ ಆರಿ ಗಟ್ಟಿಯಾಗುವಂಥದ್ದು, ಆರುತ್ತ ಕುಗ್ಗುತ್ತದೆ, ಆದ್ದರಿಂದ ದಪ್ಪಕ್ಕೆ ಬಳಸುವಂತಿಲ್ಲ. ಕೊನೆಗೆ ಒದ್ದೆ ಬಾಗಿಲಿನ ಮೇಲೆ ಟ್ಯೂಬ್‌ಲೈಟಿನ ಬೆಳಕನ್ನು ಓರೆಯಾಗಿ ನೋಡಬೇಕು. ಗೆರೆ ನೆಟ್ಟಗಿದ್ದರೆ ಬಣ್ಣಕ್ಕೆ ಸಿದ್ಧ. ಬಿಳಿ ಕಾರು ಎಷ್ಟೋ ತಪ್ಪುಗಳನ್ನು ನುಂಗಿಕೊಳ್ಳುತ್ತದೆ. ಕಪ್ಪು, ಸಿಲ್ವರ್ ಮೆಟಾಲಿಕ್ ಒಂದನ್ನೂ ನುಂಗುವುದಿಲ್ಲ.

ಈ ಎಲ್ಲ ಶಿಸ್ತಿಗೆ ವರ್ಷಕ್ಕೊಂದು ಗಂಡಾಂತರ, ಆಯುಧ ಪೂಜೆ. ಪೀಣ್ಯದಲ್ಲಿ ಅದು ಎಲ್ಲ ಹಬ್ಬಗಳಿಗಿಂತ ದೊಡ್ಡದು. ಲೇತ್‌ಗೆ, ಪ್ರೆಸ್‌ಗೆ, ಡ್ರಿಲ್ಲಿಂಗ್ ಮೆಷಿನ್‌ಗೆ ಬಾಳೆಕಂದು, ಚೆಂಡುಹೂವು. ಗೇಟಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆದು ರಸ್ತೆಯೆಲ್ಲ ಕೆಂಪು. ಸಣ್ಣ ಕಾರ್ಖಾನೆಯ ಮಾಲೀಕರಿಗೆಲ್ಲ ಅಂದು ತಮ್ಮ ಕಾರೂ ಹೊಸದಾಗಿ ಕಾಣಬೇಕು. ವರ್ಷವಿಡೀ ಹೊತ್ತು ತಿರುಗಿದ ನೆಗ್ಗುಗಳೆಲ್ಲ ಒಟ್ಟಿಗೆ ನಮ್ಮ ಶೆಡ್ಡಿಗೆ ಬರುತ್ತಿದ್ದವು. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವುದೂ ಸೆಪ್ಟೆಂಬರಿನಲ್ಲೇ. ತೇವದ ಗಾಳಿಯಲ್ಲಿ ಎನ್‌ಸಿ ಬಣ್ಣ ಹೊಡೆದರೆ ಥಿನ್ನರ್ ಆರುವ ಭರಕ್ಕೆ ಮೇಲ್ಮೈ ತಣ್ಣಗಾಗಿ, ನೀರಿನ ಪಸೆ ಕೂತು, ಬಣ್ಣ ಬಿಳಿಚಿಕೊಳ್ಳುತ್ತದೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ಸೇರಿ ಗನ್ನಿನಿಂದ ಹನಿ ಉದುರುತ್ತದೆ. ಮಹಾನವಮಿಯ ಹಿಂದಿನ ವಾರ ಮೇಸ್ತ್ರಿ ಮನೆಗೇ ಹೋಗುತ್ತಿರಲಿಲ್ಲ. ಇಷ್ಟೆಲ್ಲ ಆಗಿ ಹಬ್ಬದ ಬೆಳಿಗ್ಗೆ ಗಾಡಿ ಬಿಡಿಸಿಕೊಂಡು ಹೋದವರು ಅದರ ಮೇಲೆ ಅರಿಶಿನ, ಕುಂಕುಮ, ವಿಭೂತಿ ಬಳಿದು, ಆರಿಲ್ಲದ ಬಣ್ಣದ ಮೇಲೆ ಹೂವಿನ ಹಾರವನ್ನು ಟೇಪಿನಿಂದ ಅಂಟಿಸುತ್ತಿದ್ದರು. ಟೇಪ್ ಕಿತ್ತರೆ ಬಣ್ಣವೂ ಬರುತ್ತಿತ್ತು.

ಕಸುಬಿನ ಲಯ ಬದಲಾದದ್ದು ಮಾತ್ರ ಬೇರೆ ದಿಕ್ಕಿನಿಂದ. ಎಲೆಕ್ಟ್ರಾನಿಕ್ ಸಿಟಿಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೆಯಲ್ಲಿ ಅಡಿಪಾಯ ಹಾಕಿತ್ತು. ಇನ್ಫೋಸಿಸ್ 1994ರಲ್ಲಿ ಅಲ್ಲಿಗೆ ಹೋಯಿತು. ಇವೆಲ್ಲ ನಮಗೆ ಪತ್ರಿಕೆಯ ಸುದ್ದಿ. ಪೀಣ್ಯಕ್ಕೂ ಅದಕ್ಕೂ ನಡುವೆ ಇಡೀ ಊರೇ ಇತ್ತು. 2000ದ ನಂತರ ಕಾಲ್ ಸೆಂಟರ್‌ಗಳು ಬಂದವು, ಅವುಗಳ ಹಿಂದೆ ಕ್ಯಾಬ್‌ಗಳು. ಬಿಡದಿಯ ಟೊಯೊಟಾ ಕಾರ್ಖಾನೆ ಆ ವರ್ಷದ ಮೊದಲಲ್ಲಿ ಮಾರುಕಟ್ಟೆಗೆ ಬಿಟ್ಟ ಕ್ವಾಲಿಸ್, ಟಾಟಾದ ಸುಮೊ, ಇಂಡಿಕಾ. ಹಾಸನ, ಮಂಡ್ಯ, ತುಮಕೂರು ಕಡೆಯ ಹುಡುಗರು ಸಾಲ ಮಾಡಿ ಗಾಡಿ ತೆಗೆದುಕೊಂಡರು. ಬಾಡಿಗೆ ಕಡಿಮೆ ಎಂದು ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಯಲ್ಲಿ ಮನೆ ಮಾಡಿದರು. ರಾತ್ರಿಯೆಲ್ಲ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಿ, ಹೊಸೂರು ರಸ್ತೆಯ ನೂಕುನುಗ್ಗಲಿನಲ್ಲಿ ಯಾವುದಕ್ಕೋ ಉಜ್ಜಿಸಿಕೊಂಡು, ಬೆಳಿಗ್ಗೆ ಒಂಬತ್ತಕ್ಕೆ ಕೆಂಪು ಕಣ್ಣು ಹೊತ್ತು ಶೆಡ್ಡಿಗೆ ಬರುತ್ತಿದ್ದರು.

"ಅಣ್ಣಾ, ಐದಕ್ಕೆ ಬಿಟ್ಟುಬಿಡಿ. ಆರಕ್ಕೆ ಪಿಕಪ್ ಇದೆ. ಡೆಂಟ್ ಇದ್ರೆ ಟ್ರಾನ್ಸ್‌ಪೋರ್ಟ್‌ನೋರು ಡ್ಯೂಟಿನೇ ಕೊಡಲ್ಲ."

"ಎರಡು ದಿನ ಬೇಕಪ್ಪಾ."

"ಎರಡು ದಿನ ನಿಲ್ಸಿದ್ರೆ ಇಎಂಐ ಯಾರು ಕಟ್ತಾರೆ ಅಣ್ಣಾ?"

ಇದಕ್ಕೆ ಮೇಸ್ತ್ರಿಯ ಬಳಿ ಉತ್ತರವಿರಲಿಲ್ಲ. ಮೊದಲು ಇಂಥವರನ್ನು ವಾಪಸು ಕಳಿಸಿದರು. ಅವರು ಮುಂದಿನ ಬೀದಿಗೆ ಹೋಗಿ ಸಂಜೆ ಐದಕ್ಕೆ ಹೊಳೆಯುವ ಬಾಗಿಲಿನೊಂದಿಗೆ ನಮ್ಮ ಮುಂದೆಯೇ ಹಾದುಹೋದರು. ಕೂಲಿ ಪ್ಯಾನೆಲ್ ಲೆಕ್ಕದಲ್ಲಿ. ಸುತ್ತಿಗೆ ಹಿಡಿದು ಅರ್ಧ ದಿನ ಕೂತರೂ ಅದೇ ದುಡ್ಡು, ಪುಟ್ಟಿ ತುಂಬಿ ಅರ್ಧ ಗಂಟೆಯಲ್ಲಿ ಮುಗಿಸಿದರೂ ಅದೇ ದುಡ್ಡು. ಸುತ್ತಿಗೆ ಹಿಡಿಯುವ ಹೊತ್ತು ಕಡಿಮೆಯಾಗುತ್ತ ಹೋಯಿತು, ಪುಟ್ಟಿ ಡಬ್ಬಿ ಬೇಗ ಖಾಲಿಯಾಗುತ್ತ ಹೋಯಿತು. ಹ್ಯಾಲೊಜೆನ್ ದೀಪ ಹಿಡಿದು ಒಣಗಿಸುವುದು, ಹಾರ್ಡನರ್ ಒಂದಿಷ್ಟು ಹೆಚ್ಚು, ಗೈಡ್ ಕೋಟ್ ಇಲ್ಲ. ಅದೇ ಬಾಗಿಲು ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತಿತ್ತು, ಹಳೇ ಪುಟ್ಟಿಯ ಮೇಲೇ ಹೊಸ ಪುಟ್ಟಿ. ಎರಡು ಮಿಲಿಮೀಟರಿನ ಮಾತನ್ನು ಮೇಸ್ತ್ರಿ ಆಮೇಲೆ ಆಡಿದ್ದನ್ನು ನಾನು ಕೇಳಲಿಲ್ಲ. ಇದರಲ್ಲಿ ಯಾರನ್ನು ಬೈಯಬೇಕೆಂದು ನನಗೆ ಈಗಲೂ ತಿಳಿಯದು. ಕಾರಿಗೆ ಎರಡು ದಿನ ಬಿಡುವು ಕೊಡಬಲ್ಲ ಮಾಲೀಕನಿಗೆ ತೆಳು ಪುಟ್ಟಿ ಸಿಗುತ್ತಿತ್ತು, ಕೊಡಲಾರದವನಿಗೆ ದಪ್ಪದ್ದು. ಪುಟ್ಟಿ ಡಬ್ಬಿ ಒಂದೇ, ಕಂಪನಿ ಒಂದೇ, ಕೈಯೂ ಒಂದೇ.

ಆ ದಿನಗಳಲ್ಲೇ ಒಮ್ಮೆ ರೇವಾ ಬಂತು. ಎಲೆಕ್ಟ್ರಾನಿಕ್ ಸಿಟಿಯ ಆಚೆ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ಎಲೆಕ್ಟ್ರಿಕ್ ಕಾರು. ಮೇಸ್ತ್ರಿ ಅದರ ಫೆಂಡರನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಮತ್ತೆ ತಟ್ಟಿದರು. ಹೊರಮೈ ಎಬಿಎಸ್ ಪ್ಲಾಸ್ಟಿಕ್. ಸಣ್ಣ ಏಟಿಗೆ ನೆಗ್ಗದೆ ಪುಟಿದು ವಾಪಸು ಬರುವಂಥದ್ದು, ಸುತ್ತಿಗೆ ಡಾಲಿಗೆ ಅಲ್ಲಿ ಕೆಲಸವಿಲ್ಲ. ಸಾಮಾನ್ಯ ಪುಟ್ಟಿ ಅದಕ್ಕೆ ಕಚ್ಚುವುದೂ ಇಲ್ಲ. "ಎಂಜಿನ್ ಬೇಡ, ಪೆಟ್ರೋಲ್ ಬೇಡ ಅಂತ ಏನಾದ್ರೂ ಮಾಡ್ಕೊಳ್ಳಲಿ. ತಗಡೇ ಬೇಡ ಅಂದ್ರೆ ಹೆಂಗೆ?" ಎಂದರು. ಆ ಕಾರಿನ ಮಾಲೀಕರು ಕೇಳಿದ್ದು ಒಂದು ಗೀರು ಅಳಿಸಿಕೊಡಿ ಎಂದಷ್ಟೇ.

ನಾನು ಸರ್ವೇಯರ್ ಆದ ಮೇಲೆ ಶೆಡ್ಡಿಗೆ ಹೋಗುವುದು ಕಡಿಮೆಯಾಯಿತು, ಆದರೆ ಶೆಡ್ಡಿನ ಕೆಲಸ ನನ್ನನ್ನು ಹುಡುಕಿಕೊಂಡು ಬರುತ್ತಲೇ ಇತ್ತು. ಒಮ್ಮೆ ಹಳದಿ ಬೋರ್ಡಿನ ಇಂಡಿಕಾ ಒಂದು ಪರಿಶೀಲನೆಗೆ ಬಂತು. ಏಟು ಬಿದ್ದ ಬಾಗಿಲಿನಿಂದ ಪುಟ್ಟಿ ಹೆಂಚಿನ ಚೂರಿನಷ್ಟು ದಪ್ಪಕ್ಕೆ ಕಳಚಿ ಒಳಗೆ ಬಿದ್ದಿತ್ತು. ಅದರ ಮುರಿದ ಅಂಚಿನಲ್ಲಿ ಪದರಗಳು: ಬೂದು, ಬಿಳಿ, ಮತ್ತೆ ಬೂದು, ಮತ್ತೆ ಬಿಳಿ. ಪ್ರತಿ ಬಿಳಿಯೂ ಒಂದು ಸಂಜೆ ಐದು ಗಂಟೆ. ಹಳೇ ಏಟಿನ ಪಾಲು ಕಳೆದು ವರದಿ ಬರೆಯುವುದು ನನ್ನ ಕೆಲಸ, ಬರೆದೆ. ಚಾಲಕ ಗೊಣಗಿದ. ಅವನು ಗೊಣಗಿದ್ದು ಸರಿಯೇ ಇತ್ತು, ನಾನು ಬರೆದದ್ದೂ ಸರಿಯೇ ಇತ್ತು.

ಈಗ ಹಳೇ ಕಾರು ಕೊಳ್ಳುವ ಕಂಪನಿಗಳ ಹುಡುಗರು ಅಂಗೈಯಲ್ಲಿ ಹಿಡಿಯುವ ಮೀಟರ್ ಇಟ್ಟುಕೊಂಡು ಓಡಾಡುತ್ತಾರೆ. ಬಾಗಿಲಿಗೆ ಮುಟ್ಟಿಸಿದರೆ ಬಣ್ಣದ ದಪ್ಪವನ್ನು ಮೈಕ್ರಾನಿನಲ್ಲಿ ಹೇಳುತ್ತದೆ. ಕಾರ್ಖಾನೆಯ ಬಣ್ಣವಾದರೆ ಸಾಮಾನ್ಯವಾಗಿ 100ರ ಆಚೀಚೆ; ಮತ್ತೊಮ್ಮೆ ಹೊಡೆದಿದ್ದರೆ ಅದರ ಎರಡರಷ್ಟು ಮೂರರಷ್ಟು; ಸಾವಿರ ದಾಟಿದರೆ ಕೆಳಗೆ ಪುಟ್ಟಿಯಿದೆ. ಹಿಂದಿನ ದಲ್ಲಾಳಿಗಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಮೇಲೆ ಎಳೆಯುತ್ತಿದ್ದರು. ಎಲ್ಲಿ ಜಾರಿತೋ ಅಲ್ಲಿ ಪುಟ್ಟಿ. ಮೀಟರಿಗೆ ದಪ್ಪ ತಿಳಿಯುತ್ತದೆ, ಕೆಲಸ ತಿಳಿಯುವುದಿಲ್ಲ. ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ ಮೇಲೆ ಒಂದೂವರೆ ಮಿಲಿಮೀಟರ್ ಎಳೆದು ಹತ್ತು ವರ್ಷ ನಿಲ್ಲುವ ಬಾಗಿಲೂ ಮೀಟರಿನಲ್ಲಿ ಕೆಂಪು, ಸಂಜೆ ಐದರ ಬಾಗಿಲೂ ಕೆಂಪು. ಅದಕ್ಕೆ ಹೆದರಿ ಈಗ ಹೆಚ್ಚಿನವರು ತಗಡು ಬಡಿಸುವುದಿಲ್ಲ. ಕಂಪನಿ ವರ್ಕ್‌ಶಾಪಿನಲ್ಲಿ ಬಾಗಿಲನ್ನೇ ಬದಲಾಯಿಸಿ, ಬೂತಿನಲ್ಲಿ 60 ಡಿಗ್ರಿಗೆ ಬೇಯಿಸಿ ಕೊಡುತ್ತಾರೆ. ನೆಗ್ಗಿದ ಬಾಗಿಲು ಗುಜರಿಗೆ ಹೋಗುತ್ತದೆ, ಪಕ್ಕದ ಏಳು ತೊಟ್ಟಿಯವರ ತಗಡಿನ ಹಾಗೆ.

ಪೀಣ್ಯಕ್ಕೆ 2014ರ ಮಾರ್ಚಿನಲ್ಲಿ ಮೆಟ್ರೋ ಬಂತು. ಶೆಡ್ಡಿನ ಜಾಗದ ಮಾಲೀಕರು ಅಲ್ಲಿ ಗೋದಾಮು ಕಟ್ಟಿದರು, ಮೇಸ್ತ್ರಿ ಮಾಗಡಿ ರಸ್ತೆಯ ಕಡೆ ಚಿಕ್ಕ ಜಾಗಕ್ಕೆ ಹೋದರು. ಅವರಿಗೆ ಈಗ ವಯಸ್ಸಾಗಿದೆ, ಆದರೆ ಗಿರಾಕಿ ಇದ್ದಾರೆ: ಹಳೇ ಫಿಯೆಟ್, ಅಂಬಾಸಡರ್ ಇಟ್ಟುಕೊಂಡು ಮೂಲರೂಪಕ್ಕೆ ತರಿಸುವ ಶೋಕಿಯವರು. ವೈಟ್‌ಫೀಲ್ಡಿನ ವಿಲ್ಲಾದಿಂದ ಲಾರಿಯ ಮೇಲೆ ಕಾರು ಕಳಿಸಿ, ಎಷ್ಟು ತಿಂಗಳಾದರೂ ಪರವಾಗಿಲ್ಲ, ಪುಟ್ಟಿ ಮಾತ್ರ ಹಾಕಬೇಡಿ ಎನ್ನುವವರು. ಮೂಲೆಯ ಮರದ ಪಟ್ಟಿಗಳು ಹೊರಗೆ ಬಂದಿವೆ. ಸೀಸ ಕರಗಿಸುವಾಗ ಈಗ ಮೇಸ್ತ್ರಿ ಮುಖವಾಡ ಹಾಕಿಕೊಳ್ಳುತ್ತಾರೆ, ಗಿರಾಕಿಯೇ ತಂದುಕೊಟ್ಟದ್ದಂತೆ.

ಹೋದ ಸಲ ಹೋದಾಗ ಅಲ್ಲಿ ಒಡಿಶಾದ ಹುಡುಗನೊಬ್ಬ ಬನಿಯನ್ ಬಟ್ಟೆಯ ಮೇಲೆ ಎಡಗೈ ಎಳೆಯುತ್ತಿದ್ದ. ಮೇಸ್ತ್ರಿ ಅವನಿಗೆ ತಮಿಳು, ಕನ್ನಡ, ಹಿಂದಿ ಮೂರನ್ನೂ ಕಲಸಿ ಪಾಠ ಹೇಳುತ್ತಿದ್ದರು. ನನ್ನನ್ನು ಹೊರಗೆ ಕರೆದು, "ಕೈ ಚೆನ್ನಾಗಿದೆ ಡಿಪ್ಲೊಮಾ, ಆದ್ರೆ ಮುಂದಿನ ತಿಂಗಳು ಹೋಗ್ತೀನಿ ಅಂತಾನೆ. ವೈಟ್‌ಫೀಲ್ಡ್ ಕಡೆ ಕಂಪನಿ ವರ್ಕ್‌ಶಾಪ್ ಅಂತೆ. ನೀನೊಂದು ಮಾತು ಹೇಳು," ಎಂದರು. ನಾನು ಹುಡುಗನನ್ನು ಮಾತಾಡಿಸಿದೆ. ಸಂಬಳ ಎಷ್ಟೆಂದು ಕೇಳಿದೆ. ಪಿಎಫ್, ಇಎಸ್‌ಐ, ಯೂನಿಫಾರಂ, ಮಧ್ಯಾಹ್ನದ ಊಟ ಎಲ್ಲ ಇದೆ ಎಂದ. ಬಂದು ಮೇಸ್ತ್ರಿಗೆ ಹಾಗೆಯೇ ಹೇಳಿದೆ, ಸಂಬಳವನ್ನೂ ಸೇರಿಸಿ.

"ಅಷ್ಟು ಕೊಡ್ತಾರಾ?" ಎಂದರು. "ನನ್ನದೂ ಒಂದು ಅರ್ಜಿ ಹಾಕು ನೋಡೋಣ."